ಜೋಡಿ ಹೋರಿ ಸಾಕಣೆಯಲ್ಲಿ ನಾವು ಕಂಡ ಕಷ್ಟನಷ್ಟ

ಅಡಿಕೆ, ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ದನದ ಮಾತೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ತೋಟವಿದ್ದ ಮನೆಗೆ ಗೊಬ್ಬರ ಬೇಕು, ಗೊಬ್ಬರಕ್ಕೆ ಕೊಟ್ಟಿಗೆ ಬೇಕು, ಕೊಟ್ಟಿಗೆಯಿದ್ದ ಮೇಲೆ ಗಂಡುಕರು ಹುಟ್ಟದೆ ಇರುವುದಿಲ್ಲ. ಹೆಣ್ಣುಕರುವಾದರೆ ಮನೆಯವರಿಗೆಲ್ಲ ಸಂತೋಷ. ಗಂಡುಕರುವಾದರೆ, ಟ್ರ್ಯಾಕ್ಟರು ಊರು ಹೊಕ್ಕ ಮೇಲೆ, ಇದನ್ನು ಏನು ಮಾಡುವುದೆಂಬ ಯೋಚನೆ. ಆ ಯೋಚನೆಗೆ ನಮ್ಮ ಸೀಮೆಯವರು ಹಿಂದಿನಿಂದಲೂ ಕಂಡುಕೊಂಡಿರುವ ಉತ್ತರ ಜೋಡಿ ಹೋರಿ ಸಾಕಣೆ. ಅದರ ಲಾಭವನ್ನು ಜಾತ್ರೆಯಲ್ಲಿ ಎಲ್ಲರೂ ನೋಡುತ್ತಾರೆ. ನಷ್ಟ ಕೊಟ್ಟಿಗೆಯೊಳಗೇ ಆಗಿಹೋಗುವುದರಿಂದ ಯಾರಿಗೂ ಕಾಣುವುದಿಲ್ಲ. ಅದನ್ನೇ ಇಲ್ಲಿ ಹೆಚ್ಚಾಗಿ ಹೇಳಬೇಕೆಂದಿದ್ದೇವೆ.

ನಮ್ಮ ಜಮೀನಿರುವುದು ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ತಪ್ಪಲಿನಲ್ಲಿ. ಕೆಂಪೇಗೌಡರ ಕಾಲದ ಕೋಟೆಯಿರುವ ಬೆಟ್ಟವೆಂದು ಓದುಗರು ಕೇಳಿರಬಹುದು. ಬೆಟ್ಟದ ಬುಡದಲ್ಲಿ ರಾಗಿ, ಹುರುಳಿ, ಅವರೆ. ಕೊಳವೆಬಾವಿಯ ನೀರು ಸಿಕ್ಕಿದಲ್ಲಿ ತೆಂಗು, ಅಡಿಕೆ. ದನ ಮಾತ್ರ ಎಲ್ಲರದೂ ಒಂದೇ ಜಾತಿ, ಹಳ್ಳಿಕಾರ್. ಬೂದುಬಿಳುಪು ಮೈ, ಉದ್ದನೆಯ ಮುಖ, ಬುಡದಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇಳುವ ಕೊಂಬು. ಮೈಸೂರು ಅರಸರ ಬೆಣ್ಣೆ ಚಾವಡಿಯಲ್ಲಿದ್ದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ದನಗಳಿಗೂ ಮೂಲ ಈ ಹಳ್ಳಿಕಾರ್ ತಳಿಯೇ. 2000ದಲ್ಲಿ ಅಂಚೆ ಇಲಾಖೆ ಈ ದನದ ಚಿತ್ರವಿರುವ ಅಂಚೆಚೀಟಿಯನ್ನೂ ಹೊರಡಿಸಿತು. ಹಾಲು ಕೇಳಿದರೆ ಹೊತ್ತಿಗೆ ಒಂದೆರಡು ಲೀಟರಿಗಿಂತ ಹೆಚ್ಚು ಹೇಳುವಂತಿಲ್ಲ. ಇದರ ಬೆಲೆಯೆಲ್ಲ ಕಾಲಿನಲ್ಲಿ, ಹೆಗಲಿನಲ್ಲಿ.

ಆಸ್ಟ್ರೇಲಿಯಾ, ಅರ್ಜೆಂಟೈನಾ, ಅಮೆರಿಕ ಮುಂತಾದ ದೇಶಗಳ ರೈತ ಕುಟುಂಬಗಳು ಗಂಡುಕರುಗಳನ್ನು ಮಾಂಸಕ್ಕೆಂದೇ ಬೆಳೆಸಿ ತೂಕದ ಮೇಲೆ ಮಾರುತ್ತವೆ. ನಮ್ಮಲ್ಲಿ ಆ ಬೇಸಾಯವಿಲ್ಲ. 1964ರ ಕಾಯಿದೆಯಂತೆ 12 ವರ್ಷ ಮೀರಿದ ಎತ್ತನ್ನು ಪ್ರಮಾಣಪತ್ರ ಪಡೆದು ಕಡಿಯಲು ಅವಕಾಶವಿತ್ತು. 2020ರ ಕಾಯಿದೆ 2021ರಲ್ಲಿ ಜಾರಿಗೆ ಬಂದಾಗ ಹಸು, ಕರು, ಎತ್ತು, ಹೋರಿ ಯಾವುದಕ್ಕೂ ಆ ಅವಕಾಶ ಉಳಿಯಲಿಲ್ಲ. 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ ಉಳಿಯಿತು. ಆದುದರಿಂದ ನಾವು ಸಾಕಿದ ಹೋರಿಗೆ ಇರುವುದು ಒಂದೇ ಪೇಟೆ. ನಡಿಗೆ ನೋಡಿ, ಕೊಂಬು ನೋಡಿ, ಜೊತೆ ನೋಡಿ ಕೊಳ್ಳುವ ಇನ್ನೊಬ್ಬ ರೈತ. ಆದರೂ ಬೆಳಗಾಗೆದ್ದು ಮಾಡುವ ಕೆಲಸ, ಹುಲ್ಲಿನ ಲೆಕ್ಕ, ಹೊಟ್ಟೆ ಕೆಟ್ಟಾಗಿನ ಪರದಾಟ ಅವರಿಗೂ ನಮಗೂ ಒಂದೇ.

ಜೋಡಿಯ ಮಾತನ್ನು ಮೊದಲು ತಿಳಿಯಬೇಕು. ಹಾಲುಹಲ್ಲಿನ ಎರಡು ಕರುಗಳನ್ನು, ಒಂದೇ ಎತ್ತರ, ಒಂದೇ ಬಣ್ಣ, ಒಂದೇ ಬಗೆಯ ಕೊಂಬು ನೋಡಿ, ಮಾಗಡಿಯಲ್ಲೋ ಘಾಟಿ ಸುಬ್ರಹ್ಮಣ್ಯದಲ್ಲೋ ಜಾತ್ರೆಯಲ್ಲಿ ಕೊಳ್ಳುವುದು. ಮನೆಯಲ್ಲೇ ಒಂದು ಹುಟ್ಟಿದ್ದರೆ ಅದಕ್ಕೆ ಜೊತೆ ಹುಡುಕುವುದು. ಎರಡು ಎರಡೂವರೆ ವರ್ಷಕ್ಕೆ ಎರಡು ಹಲ್ಲು, ಮೂರರ ಸುಮಾರಿಗೆ ನಾಲ್ಕು ಹಲ್ಲು. ಆ ವೇಳೆಗೆ ಮೂಗುದಾರ ಹಾಕಿ, ನೊಗ ಹೂಡಿ, ಗಾಡಿ ಪಳಗಿಸಿ ಸಿದ್ಧಗಂಗೆಯ ಜಾತ್ರೆಯಲ್ಲಿ ಕಟ್ಟಿದರೆ ಕೊಳ್ಳುವವರು ಬರುತ್ತಾರೆ. ದಲ್ಲಾಳಿ ಟವೆಲಿನೊಳಗೆ ಬೆರಳು ಹಿಡಿದು ಬೆಲೆ ಹೇಳುವುದು ಇಂದಿಗೂ ಇದೆ. ಆ ಬೆರಳುಗಳು ಎಣಿಸುವುದು ಎರಡು ಹೋರಿಯ ಬೆಲೆಯನ್ನಲ್ಲ, ಒಂದು ಜೋಡಿಯ ಬೆಲೆಯನ್ನು. ಒಂದು ಸತ್ತರೆ ಅರ್ಧ ನಷ್ಟವೆಂದು ತಿಳಿಯಬಾರದು. ಉಳಿದ ಒಂಟಿ ಹೋರಿಯನ್ನು ಕೇಳುವವರೇ ಇರುವುದಿಲ್ಲ.

ನಿತ್ಯದ ಕೆಲಸ ಹೀಗಿದೆ. ಕೋಳಿ ಕೂಗುವ ಹೊತ್ತಿಗೆ ಎದ್ದು ಸಗಣಿ ಬಾಚಿ, ಗಂಜಲ ಹರಿದ ಕಡೆ ತರಗು ಹಾಸಿ, ಗೊಂತಿಗೆ ರಾಗಿಹುಲ್ಲು ಹಾಕುವುದು. ಹೊತ್ತೇರಿದ ಮೇಲೆ ಹೊರಗೆ ಕಟ್ಟಿ ಮೈ ತಿಕ್ಕುವುದು. ತಿಕ್ಕುವುದು ಅಂದಕ್ಕೆಂದು ಅಂದುಕೊಂಡವರಿದ್ದಾರೆ. ಉಣ್ಣೆ ಕಚ್ಚಿದ್ದು, ಗಾಯವಾದದ್ದು, ಮೈ ಬಿಸಿಯಾದದ್ದು ತಿಕ್ಕುವ ಕೈಗೇ ಮೊದಲು ತಿಳಿಯುವುದು. ಮಧ್ಯಾಹ್ನ ನೀರು, ಸಂಜೆ ಹಸಿಮೇವು, ರಾತ್ರಿ ಬೇಯಿಸಿದ ಹುರುಳಿ ಅಥವಾ ಹಿಂಡಿ, ಬೂಸಾ. 200 ಕಿಲೋ ತೂಗುವ ಹೋರಿ ದಿನಕ್ಕೆ ನಾಲ್ಕೈದು ಕಿಲೋ ಒಣಮೇವಿನಷ್ಟು ಆಹಾರ ತಿನ್ನುತ್ತದೆ. ಅಡಿಕೆ ಹಾಳೆ ಬಿದ್ದ ದಿನವೇ ಆಯ್ದು ಸಣ್ಣಗೆ ಕೊಚ್ಚಿ ಹಾಕಿದರೆ ಒಣಹುಲ್ಲಿನಲ್ಲಿ ಒಂದು ಪಾಲು ಉಳಿಯುತ್ತದೆ. ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ ಹಾಳೆಯನ್ನೂ, ಔಷಧಿ ಹೊಡೆದ ಹೊಸದರಲ್ಲಿ ಬಿದ್ದ ಹಾಳೆಯನ್ನೂ ಗೊಂತಿಗೆ ತರಬೇಡಿ.

ಇನ್ನು ಅವಘಡಗಳ ವಿಷಯ. ನಮ್ಮ ಲೆಕ್ಕದಲ್ಲಿ ಹೋರಿಗಳಿಗೆ ಬಂದ ಆಪತ್ತುಗಳಲ್ಲಿ ಮುಕ್ಕಾಲು ಪಾಲು ಹೊಟ್ಟೆಯ ಮೂಲಕವೇ ಬಂದವು. ಆದುದರಿಂದ ದನದ ಹೊಟ್ಟೆ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ದನದ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಮೊದಲನೆಯದು ಎಡಪಕ್ಕೆಯನ್ನೆಲ್ಲ ತುಂಬಿಕೊಂಡಿರುವ ದೊಡ್ಡ ಚೀಲ. ಬೆಳೆದ ದನದಲ್ಲಿ ನೂರು ಲೀಟರಿಗೂ ಮಿಕ್ಕಿ ಹಿಡಿಯುವಂಥದು. ಅದೊಂದು ಹುದುಗುವ ಗುಡಾಣವೆನ್ನಬಹುದು. ಕಣ್ಣಿಗೆ ಕಾಣದ ಕೋಟ್ಯಂತರ ಜೀವಾಣುಗಳು ಅಲ್ಲಿದ್ದು, ನಾವು ಅರಗಿಸಲಾರದ ಹುಲ್ಲಿನ ನಾರನ್ನು ಅವು ಒಡೆದು ದನಕ್ಕೆ ಆಹಾರ ಮಾಡಿಕೊಡುತ್ತವೆ. ಹುದುಗುವಾಗ ಗಾಳಿ ಹುಟ್ಟುತ್ತದೆ. ದನ ತೇಗಿ ಆ ಗಾಳಿಯನ್ನು ಹೊರಹಾಕುತ್ತದೆ. ಈ ಏರ್ಪಾಡಿನಲ್ಲಿ ಎರಡು ಷರತ್ತುಗಳಿವೆ. ಗಾಳಿ ಹೊರಹೋಗುತ್ತಿರಬೇಕು, ಮೇವು ಥಟ್ಟನೆ ಬದಲಾಗಬಾರದು.

ಮೊದಲ ಷರತ್ತು ಕೆಟ್ಟಾಗ ಬರುವುದು ಹೊಟ್ಟೆ ಉಬ್ಬರ. ಎಳೆಯ ಅವರೆ, ಹುರುಳಿ ಸೊಪ್ಪು, ಕುದುರೆಮಸಾಲೆಯಂಥ ಹಸಿಮೇವನ್ನು ಹಸಿದ ಹೊಟ್ಟೆಯಲ್ಲಿ ಮೇದರೆ ಒಳಗೆ ಸೋಪಿನ ನೊರೆಯಂತಾಗಿ ಗಾಳಿ ಆ ನೊರೆಯಲ್ಲೇ ಸಿಕ್ಕಿಕೊಳ್ಳುತ್ತದೆ, ದನ ತೇಗಲಾರದು. ಎಡಪಕ್ಕೆ ಉಬ್ಬಿ, ಬಡಿದರೆ ತಮಟೆಯಂತೆ ಶಬ್ದ ಬರುತ್ತದೆ. ಉಬ್ಬಿದ ಹೊಟ್ಟೆ ಎದೆಯನ್ನೊತ್ತಿ ಉಸಿರು ಕಟ್ಟಿಸುವುದರಿಂದಲೇ ದನ ಸಾಯುವುದು. ಆಗ ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿ, ಬಾಯಿಗೆ ಅಡ್ಡಲಾಗಿ ಒಂದು ಬೇವಿನ ಕಡ್ಡಿಯನ್ನು ಲಗಾಮಿನಂತೆ ಕಟ್ಟಿದರೆ ಅಗಿಯುತ್ತಾ ಜೊಲ್ಲು ಸುರಿದು ತೇಗು ಬರಲು ಸಹಾಯವಾಗುತ್ತದೆ. ಕಾಲು ಲೀಟರಿನಿಂದ ಅರ್ಧ ಲೀಟರಿನವರೆಗೆ ಕಡಲೆಕಾಯಿ ಎಣ್ಣೆ ಕುಡಿಸಿದರೆ ನೊರೆ ಒಡೆಯುತ್ತದೆ. ಇದಕ್ಕೂ ಬಗ್ಗದಿದ್ದರೆ ಪಕ್ಕೆಗೆ ಸೂಜಿಕೊಳವೆ ಚುಚ್ಚಿ ಗಾಳಿ ತೆಗೆಯುವುದು ಡಾಕ್ಟರ ಕೆಲಸ.

ಎಣ್ಣೆ ಕುಡಿಸುವುದರಲ್ಲೇ ನಾವೊಮ್ಮೆ ಎಡವಿದೆವು. ನಮ್ಮ ಹಿಂದಿನ ಜೋಡಿಯಲ್ಲಿ ಒಂದಕ್ಕೆ ಉಬ್ಬರ ಬಂದಾಗ ಗಾಬರಿಯಲ್ಲಿ ತಲೆಯನ್ನು ಆಕಾಶಕ್ಕೆತ್ತಿ, ನಾಲಿಗೆ ಎಳೆದು ಹಿಡಿದು, ಗೊಟ್ಟದಲ್ಲಿದ್ದ ಎಣ್ಣೆಯನ್ನು ಒಂದೇ ಸಲಕ್ಕೆ ಸುರಿದೆವು. ನಾಲಿಗೆ ಎಳೆದು ಹಿಡಿದರೆ ದನ ನುಂಗಲಾರದೆಂಬುದು ಆಗ ತಿಳಿದಿರಲಿಲ್ಲ. ಉಬ್ಬರ ಇಳಿಯಿತು. ಆದರೆ ಶ್ವಾಸಕೋಶಕ್ಕಿಳಿದ ಎಣ್ಣೆಯಿಂದ ಮೂರನೆಯ ದಿನ ಜ್ವರ, ಕೆಮ್ಮು ಶುರುವಾಗಿ ಹತ್ತು ದಿನ ಸೂಜಿಮದ್ದು ಹಾಕಿಸಬೇಕಾಯಿತು. ತಲೆಯನ್ನು ಬೆನ್ನಿನ ಮಟ್ಟಕ್ಕಿಂತ ಹೆಚ್ಚು ಎತ್ತಬಾರದು. ಬಾಯಿಯ ಪಕ್ಕದಿಂದ ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಕೆಮ್ಮಿದರೆ ಕೂಡಲೇ ತಲೆ ಬಿಡಬೇಕು. ಪ್ರಜ್ಞೆ ತಪ್ಪಿ ಮಲಗಿದ ದನಕ್ಕೆ ಏನನ್ನೂ ಕುಡಿಸಬೇಡಿ.

ಎರಡನೆಯ ಷರತ್ತು ಕೆಡುವುದು ಸಾಮಾನ್ಯವಾಗಿ ಹಬ್ಬದ ದಿನ. ಸಂಕ್ರಾಂತಿಯಲ್ಲಿ ಹೋರಿಗೆ ಅರಿಸಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸಿದ ಮೇಲೆ ಮನೆಮಂದಿಯೆಲ್ಲ ಪ್ರೀತಿಯಿಂದ ಪೊಂಗಲು, ಅನ್ನ, ಬೆಲ್ಲ ತಿನ್ನಿಸುವುದುಂಟು. ಹುಲ್ಲಿಗೆ ಒಗ್ಗಿದ ಹೊಟ್ಟೆಗೆ ಅಷ್ಟೊಂದು ಹಿಟ್ಟು, ಬೆಲ್ಲ ಒಮ್ಮೆಲೇ ಬಿದ್ದರೆ ಒಳಗೆ ಹುಳಿ ಉಕ್ಕುತ್ತದೆ. ಮಾರನೆಯ ದಿನ ಮೆಲುಕು ನಿಲ್ಲುತ್ತದೆ, ಹುಳಿನಾತದ ಭೇದಿ, ಹೆಜ್ಜೆ ತಡವರಿಸುತ್ತದೆ. ಅಡುಗೆ ಸೋಡ ನೀರಿನಲ್ಲಿ ಕದಡಿ ಕುಡಿಸಿ ಡಾಕ್ಟರನ್ನು ಕರೆಯಬೇಕು. ಮಕ್ಕಳ ಕೈಯಲ್ಲಿ ಒಂದು ತುತ್ತು ತಿನ್ನಿಸಿದರೆ ಶಾಸ್ತ್ರಕ್ಕೆ ಸಾಕು. ರಾಗಿ ಒಕ್ಕುವ ಕಣದಲ್ಲಿ ಹಗ್ಗ ಬಿಚ್ಚಿಕೊಂಡ ಹೋರಿಗೂ ಇದೇ ಗತಿ.

ಈ ಎರಡಕ್ಕಿಂತ ವೇಗವಾದದ್ದು ಎಳೆಜೋಳದ ವಿಷ. ನಾವು ಒಂದು ಹೋರಿಯನ್ನು ಕಳೆದುಕೊಂಡದ್ದು ಇದರಿಂದಲೇ.

ಆ ವರ್ಷ ಮೇವಿಗೆಂದು ಮುಂಗಾರಿನಲ್ಲಿ ಅರ್ಧ ಎಕರೆ ಜೋಳ ಬಿತ್ತಿದ್ದೆವು. ಒಂದು ಕೊಯ್ಲು ಆದ ಮೇಲೆ ಕೂಳೆ ಚಿಗುರಿ ಮೊಣಕಾಲುದ್ದವಾಗಿತ್ತು. ಆಷಾಢದ ಗಾಳಿ ಬೀಸಿತೇ ಹೊರತು ಮಳೆ ಬರಲಿಲ್ಲ; ಪೈರು ಬಾಡಿ ಸುರುಳಿಕೊಂಡಿತು. ಮಾಗಡಿ ಜಾತ್ರೆಯಲ್ಲಿ ಕೊಂಡು ಒಂದು ವರ್ಷ ದಾಟಿದ್ದ ಜೋಡಿ ಆಗ ಎರಡು ಹಲ್ಲು ಹಾಕುವ ಹಂತದಲ್ಲಿತ್ತು. ಒಂದು ಸಂಜೆ ಎಡಗೋಲಿನ ಹೋರಿಯ ಕಣ್ಣಿ ಹರಿಯಿತು. ಕಣ್ಣಿ ಸವೆದದ್ದನ್ನು ನೋಡಿಯೂ ಸಂತೆಗೆ ಹೋದಾಗ ಹೊಸದು ತಂದರಾಯಿತೆಂದು ಬಿಟ್ಟಿದ್ದವರು ನಾವೇ. ಅದು ನೇರವಾಗಿ ಜೋಳದ ಹೊಲಕ್ಕೆ ನುಗ್ಗಿತು. ಹುಡುಕಿ ಹಿಡಿದಾಗ ಕಾಲು ಗಂಟೆ ಮೇದಿದ್ದೀತು. ಮನೆಗೆ ತರುವಷ್ಟರಲ್ಲೇ ಏದುಸಿರು, ನಡುಕ. ಕೊಟ್ಟಿಗೆಯ ಬಾಗಿಲಲ್ಲಿ ಕುಸಿದು ಬಿತ್ತು. ಡಾಕ್ಟರು ಮೋಟಾರ್‌ಸೈಕಲ್ಲಿನಲ್ಲಿ ಬಂದು ತಲಪಿದಾಗ ಉಸಿರು ನಿಂತಿತ್ತು. ಅವರನ್ನು ದೂರುವಂತಿಲ್ಲ, ಕರೆ ಹೋಗಿ ಮುಕ್ಕಾಲು ಗಂಟೆಯೂ ಆಗಿರಲಿಲ್ಲ.

ಕಾರಣವನ್ನು ಅವರು ಅಲ್ಲೇ ಕುಳಿತು ವಿವರಿಸಿದರು. ಎಳೆಯ ಜೋಳದಲ್ಲಿ ಒಂದು ವಸ್ತುವಿದೆ. ದನ ಅಗಿದು ನುಂಗಿದಾಗ ಅದು ಒಡೆದು ಸಯನೈಡ್ ವಿಷವಾಗುತ್ತದೆ. ಈ ವಿಷ ಸೇರಿದಾಗ ರಕ್ತದಲ್ಲಿ ಪ್ರಾಣವಾಯು ಇದ್ದರೂ ಮೈ ಅದನ್ನು ಬಳಸಿಕೊಳ್ಳಲಾರದು. ಅದಕ್ಕೇ ರಕ್ತ ಎಂದಿಗಿಂತ ಕೆಂಪಾಗಿ ಕಾಣುವುದು. ಮೊಳೆತ ಹೊಸದರಲ್ಲಿ, ಮಳೆ ಹೋಗಿ ಕುಂಠಿತವಾದಾಗ, ಕೊಯ್ದ ಮೇಲಿನ ಕೂಳೆಚಿಗುರಿನಲ್ಲಿ ಇದು ಅತಿ ಹೆಚ್ಚು. ಹೂ ಬಂದ ಮೇಲೆ ಬಹಳ ಕಡಿಮೆ. ಕೊಯ್ದು ಚೆನ್ನಾಗಿ ಒಣಗಿಸಿದರೂ ತಗ್ಗುತ್ತದೆ. ಬೇಗ ಗೊತ್ತಾದರೆ ರಕ್ತನಾಳಕ್ಕೆ ಕೊಡುವ ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಮದ್ದುಗಳುಂಟು. ನಮ್ಮ ಕೈಯಲ್ಲಾಗುವ ಮನೆಮದ್ದು ಯಾವುದೂ ಇಲ್ಲ. ಹಿರಿಯರು ಎಳೆಜೋಳ ಕಂಡರೆ ದನವನ್ನು ದೂರ ಹೊಡೆಯುತ್ತಿದ್ದುದು ನಮಗೆ ನೆನಪಿತ್ತು. ದೃಷ್ಟಿಯ ಮಾತಿರಬೇಕೆಂದುಕೊಂಡಿದ್ದೆವು.

ತೋಟಗಾರರು ವಿಶೇಷವಾಗಿ ಗಮನಿಸಬೇಕಾದ ಇನ್ನೆರಡು ಸಂಗತಿಗಳಿವೆ. ಒಂದು, ಯೂರಿಯ. ಉಪ್ಪಿನ ಆಸೆಗೆ ದನ ಖಾಲಿ ಚೀಲವನ್ನು ನೆಕ್ಕುತ್ತದೆ. ಯೂರಿಯ ಕರಗಿಸಿದ ಬಕೀಟಿನ ನೀರನ್ನು ಕುಡಿಯುತ್ತದೆ. ಹೊಟ್ಟೆಯಲ್ಲಿ ಅದು ಅಮೋನಿಯವಾಗಿ ರಕ್ತಕ್ಕೇರಿದರೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನಡುಕ, ಜೊಲ್ಲು, ಉಬ್ಬರ ಕಾಣಿಸುತ್ತವೆ. ಡಾಕ್ಟರು ಬರುವವರೆಗೆ ಒಂದೆರಡು ಲೀಟರು ವಿನಿಗರ್ ಮತ್ತು ಧಾರಾಳವಾಗಿ ತಣ್ಣೀರು ಕುಡಿಸುವುದು ಪ್ರಥಮ ಚಿಕಿತ್ಸೆ. ತೋಟದ ಮನೆಯಲ್ಲಿ ಗೊಬ್ಬರದ ಚೀಲವೂ ಕರುವೂ ಒಂದೇ ಸೂರಿನಡಿ ಇರುವುದನ್ನು ನಾವು ಬಹಳ ಕಡೆ ನೋಡಿದ್ದೇವೆ.

ಇನ್ನೊಂದು, ತಂತಿ. ದನ ಅಗಿಯದೆ ನುಂಗಿ ಆಮೇಲೆ ಮೆಲುಕು ಹಾಕುವ ಪ್ರಾಣಿ. ಮೇವಿನೊಡನೆ ಹೋದ ಬೇಲಿತಂತಿಯ ತುಂಡು, ಗೋಣಿ ಹೊಲಿಯುವ ದಬ್ಬಳ ಎರಡನೆಯ ಕೋಣೆಯಾದ ಜಾಲಹೊಟ್ಟೆಯಲ್ಲಿ ನಿಲ್ಲುತ್ತವೆ. ಅದರ ಮುಂದೆಯೇ ಹೃದಯ. ಮುಂಗಾಲು ಅಗಲಿಸಿ ನಿಲ್ಲುವುದು, ಇಳಿಜಾರು ಇಳಿಯಲು ಹಿಂಜರಿಯುವುದು, ಕೊನೆಗೆ ಎದೆಯ ಕೆಳಗೆ ನೀರು ತುಂಬಿದ ಊತ ಕಾಣಿಸುವುದು ಇದರ ಲಕ್ಷಣ. ಹೊರದೇಶಗಳಲ್ಲಿ ದನಕ್ಕೆ ಸಣ್ಣದೊಂದು ಅಯಸ್ಕಾಂತವನ್ನೇ ನುಂಗಿಸಿ, ಕಬ್ಬಿಣದ ಚೂರುಗಳು ಅದಕ್ಕೆ ಅಂಟಿಕೊಂಡಿರುವಂತೆ ಮಾಡುತ್ತಾರೆ. ಬೇಲಿ ಕಟ್ಟಿದ ದಿನ ತುಂಡುಗಳನ್ನು ಆಯ್ದು ಡಬ್ಬಿಗೆ ಹಾಕಿಡುವುದಾದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಮಲೆನಾಡಿನ ಸದಸ್ಯರಿಗೆ ಒಂದು ಮಾತು: ಬೇಸಗೆಯಲ್ಲಿ ಹಸಿರು ಸಿಗದೆ ಲಂಟಾನ ಮೇದ ದನಕ್ಕೆ ಪಿತ್ತಕೋಶ ಕೆಟ್ಟು ಕಾಮಾಲೆಯಾಗುತ್ತದೆ, ಬಿಸಿಲು ಬಿದ್ದಲ್ಲಿ ಚರ್ಮ ಸುಲಿಯುತ್ತದೆ. ಅಂಥ ದನವನ್ನು ನೆರಳಿನಲ್ಲಿ ಕಟ್ಟಿ ಚಿಕಿತ್ಸೆ ಮಾಡಿಸಬೇಕು.

ರೋಗಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಪಶುವೈದ್ಯರು ಎಲ್ಲ ಕಡೆ ಹೇಳುತ್ತಲೇ ಇರುತ್ತಾರೆ. ಹಿರಿಯರು ಹೆದರುತ್ತಿದ್ದ ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ತೊಲಗಿತೆಂದು ಘೋಷಣೆಯಾಯಿತು. ಲಸಿಕೆಯ ಬಲವನ್ನು ನಂಬದವರಿಗೆ ಇದಕ್ಕಿಂತ ಸಾಕ್ಷಿ ಬೇಡ. ಚಪ್ಪೆರೋಗವನ್ನು ಮಾತ್ರ ಹೋರಿ ಸಾಕುವವರು ನೆನಪಿಡಬೇಕು. ಅದು ಬಡಕಲು ದನವನ್ನು ಬಿಟ್ಟು, ಆರು ತಿಂಗಳಿನಿಂದ ಎರಡು ವರ್ಷದೊಳಗಿನ, ಚೆನ್ನಾಗಿ ಮೇದು ಮೈ ತುಂಬಿದ ಕರುವನ್ನೇ ಹಿಡಿಯುವಂಥದು. ತೊಡೆ ಊದಿ, ಒತ್ತಿದರೆ ಚರಚರ ಎನ್ನುತ್ತದೆ. ಒಂದೆರಡು ದಿನದಲ್ಲಿ ಮುಗಿಯುತ್ತದೆ. ಇದಕ್ಕೂ ಗಳಲೆರೋಗಕ್ಕೂ ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸಬೇಕು. ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆರಡು ಬಾರಿ ಬಿಟ್ಟಿಯಾಗಿ ಹಾಕುತ್ತಾರೆ. ಥಟ್ಟನೆ ಸತ್ತು, ಮೂಗು ಗುದಗಳಿಂದ ಕಪ್ಪು ರಕ್ತ ಸುರಿಯುವ ದನವನ್ನು ನೆರಡಿರೋಗವೆಂದು ಶಂಕಿಸಿ, ಸುಲಿಯದೆ ಕೊಯ್ಯದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಅದು ಮನುಷ್ಯರಿಗೂ ತಗಲುವ ರೋಗ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ನಮ್ಮ ಕೊಟ್ಟಿಗೆಗೆ ಅದು ಬರಲಿಲ್ಲ. ಆದರೆ ದನದ ಜಾತ್ರೆಗಳಿಗೆ ತಡೆಯಾಗಿ, ಮಾರಲು ಸಿದ್ಧವಾಗಿದ್ದ ಹಿಂದಿನ ಜೋಡಿಯನ್ನು ಇನ್ನೊಂದು ವರ್ಷ ಮೇಯಿಸಬೇಕಾಯಿತು. ರೋಗ ಬಾರದೆಯೂ ನಷ್ಟವಾಗುವುದು ಹೀಗೆ.

ಚಿರತೆಯ ಮಾತನ್ನೂ ಬಿಡುವಂತಿಲ್ಲ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಮನುಷ್ಯರೇ ಚಿರತೆಗೆ ಬಲಿಯಾದದ್ದು ಎಲ್ಲರಿಗೂ ತಿಳಿದ ಸಂಗತಿ. ಬೆಟ್ಟದ ಬುಡದಲ್ಲಿ ಕರುಗಳನ್ನು ಹೊರಗೆ ಕಟ್ಟುವುದನ್ನು ನಾವು ನಿಲ್ಲಿಸಿದ್ದೇವೆ. ಕೊಟ್ಟಿಗೆಯ ಕಿಟಕಿಗಳಿಗೂ ಸರಳು ಹಾಕಿಸಿದ್ದೇವೆ.

ಇಷ್ಟೆಲ್ಲ ಆಪತ್ತುಗಳಿದ್ದೂ ಸಾಕುವುದೇಕೆಂದರೆ, ನಮ್ಮ ಉತ್ತರ ತಿಪ್ಪೆಯಲ್ಲಿದೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಜೊತೆಗೆ 12 ಕಿಲೋ ಹಸಿರೆಲೆ, 12 ಕಿಲೋ ಕೊಟ್ಟಿಗೆ ಗೊಬ್ಬರ ಕೊಡಬೇಕೆಂಬ ಶಿಫಾರಸು ಸದಸ್ಯರಿಗೆ ಗೊತ್ತೇ ಇದೆ. ಒಂದು ಹೋರಿ ದಿನಕ್ಕೆ 10 ಕಿಲೋ ಸಗಣಿ ಹಾಕುತ್ತದೆಂದು ಹಿಡಿದರೆ ಜೋಡಿಯಿಂದ ವರ್ಷಕ್ಕೆ 7,300 ಕಿಲೋ ಆಯಿತು. ಕೊಳೆತು ಅರ್ಧಕ್ಕಿಳಿದರೂ 300 ಮರಗಳ ಪಾಲು ಮನೆಯಲ್ಲೇ ಸಿಕ್ಕಿದಂತೆ. ಗಂಜಲ ಕುಡಿದ ತರಗು ಬೇರೆ. ಜಾತ್ರೆಯ ಬೆಲೆಯೊಂದನ್ನೇ ನಂಬಿ ಹೋರಿ ಕಟ್ಟಬೇಡಿ ಎಂದು ನಾವು ಹೇಳುವುದು ಇದಕ್ಕಾಗಿ. ಗೊಬ್ಬರಕ್ಕೆ ಕಟ್ಟಿ, ಬೆಲೆ ಬಂದರೆ ಮಾರಿ. ಕೆಲಸ ಮುಗಿದ ಮುದಿ ಎತ್ತನ್ನು ಕೊನೆಯವರೆಗೆ ಮೇಯಿಸುವ ಖರ್ಚನ್ನೂ ಮೊದಲೇ ಎಣಿಸಿಕೊಳ್ಳಿ. ಹುಲ್ಲಿನ ಬಣವೆಯಿಲ್ಲದವರು ಈ ಕೆಲಸಕ್ಕೆ ಇಳಿಯದಿರುವುದೇ ಲೇಸು.

ಕಿವಿಗೆ 12 ಅಂಕಿಗಳ ಓಲೆ ಹಾಕಿಸಿ ವಿಮೆ ಮಾಡಿಸುವುದನ್ನು ತಪ್ಪಿಸಬಾರದು. ಸತ್ತ ಹೋರಿಗೆ ನಾವು ವಿಮೆ ಮಾಡಿಸಿರಲಿಲ್ಲ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ 1962ಕ್ಕೆ ಫೋನು ಮಾಡಿ ಕೇಳಬಹುದು. ಆ ಸಂಖ್ಯೆಯನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೇವೆ.

ಬಲಗೋಲಿನ ಹೋರಿ ಜೊತೆಯಿಲ್ಲದೆ ಒಂದು ವಾರ ಸರಿಯಾಗಿ ಹುಲ್ಲು ಮುಟ್ಟಲಿಲ್ಲ; ಸಂಜೆಯಾದರೆ ಬಾಗಿಲ ಕಡೆ ನೋಡಿ ಕೂಗುತ್ತಿತ್ತು. ಶಿವರಾತ್ರಿಗೆ ಅದನ್ನು ಸಿದ್ಧಗಂಗೆಗೆ ಹೊಡೆದುಕೊಂಡು ಹೋದೆವು. ನಾಲ್ಕು ದಿನ ಕಟ್ಟಿದ್ದರೂ, ಒಂಟಿಯೆಂದು ತಿಳಿದೊಡನೆ ಜನ ಮುಂದೆ ಹೋಗುತ್ತಿದ್ದರು. ಒಬ್ಬರು ಕೇಳಿದ ಬೆಲೆ ಹಿಂದಿನ ಚೈತ್ರದಲ್ಲಿ ಅದೇ ಜೋಡಿಗೆ ಕೇಳಿದ್ದ ಬೆಲೆಯ ಮೂರರಲ್ಲೊಂದು ಪಾಲೂ ಇರಲಿಲ್ಲ. ಕೊನೆಗೆ ಮಾರುವ ಯೋಚನೆ ಬಿಟ್ಟು, ಗುಬ್ಬಿ ಕಡೆಯ ರೈತರೊಬ್ಬರಲ್ಲಿ ಇದೇ ರೀತಿ ಒಂಟಿಯಾಗಿ ಉಳಿದಿದ್ದ ಹೋರಿಯನ್ನು ಜೊತೆಗೆ ಕೊಂಡು ತಂದೆವು. ಎತ್ತರದಲ್ಲಿ ಎರಡು ಬೆರಳು ಕಡಿಮೆ, ಕೊಂಬು ಸ್ವಲ್ಪ ಅಗಲ. ಹೊಸ ಹೋರಿಗೆ ರಾತ್ರಿಯ ಹುರುಳಿಯನ್ನು ಅರ್ಧ ಸೇರು ಹೆಚ್ಚು ಮಾಡಿದ್ದೇವೆ. ಆ ಅರ್ಧ ಎಕರೆಯಲ್ಲಿ ಈಗ ಜೋಳ ಬಿತ್ತುತ್ತಿಲ್ಲ. ಅಲ್ಲಿ ನೇಪಿಯರ್ ಹುಲ್ಲು ನೆಟ್ಟಿದ್ದೇವೆ, ಕಣ್ಣಿಯನ್ನು ವರ್ಷಕ್ಕೆರಡು ಬಾರಿ ಬದಲಾಯಿಸುತ್ತಿದ್ದೇವೆ.